ಚಂದ್ರಗಿರಿ ಹೊಳೆ ಗಡಿಯಾ?

ಚಂದ್ರಗಿರಿ ಹೊಳೆಯೇ ಕರ್ನಾಟಕ–ಕೇರಳದ ಗಡಿ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ಆಗಬೇಕಿತ್ತು ಅಂತ ಇಲ್ಲಿ ಕಾಸರಗೋಡಿನ ಹಿರಿಯರು ಹೋರಾಡಿದ್ದು ನಿಜ. ಗಡಿ ತಕರಾರು ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ ಕೂಡ 1967ರಲ್ಲಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದೇ ಹೇಳಿತ್ತು. ವರದಿ ಕಪಾಟಿನಲ್ಲೇ ಉಳಿಯಿತು. ಹಾಗಾಗಿ ನಾವು ಹೊಳೆಯ ಉತ್ತರಕ್ಕಿದ್ದರೂ 1956ರಿಂದ ಕೇರಳದವರು.

ಹೊಳೆ ಹುಟ್ಟುವುದು ಕೊಡಗಿನ ಬೆಟ್ಟದಲ್ಲಿ. ಸುಳ್ಯದಲ್ಲಿ ಅದಕ್ಕೆ ಪಯಸ್ವಿನಿ ಅಂತಲೇ ಹೆಸರು. ಅಲ್ಲಿ ಅರೆಭಾಷೆ ಮಾತಾಡುವ ಗೌಡರ ತೋಟಗಳು. ಕೆಳಗಿಳಿದು ಕೇರಳದೊಳಗೆ ಬಂದರೆ ಹವ್ಯಕರು, ಬಂಟರು, ಬ್ಯಾರಿಗಳು, ಕರಾಡರು ಎಲ್ಲ ಇದ್ದಾರೆ. ಮನೆಯಲ್ಲಿ ಹವ್ಯಕ, ತೋಟದ ಕೆಲಸದವರ ಹತ್ತಿರ ತುಳು, ಬಸ್ಸಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಇದನ್ನು ಯಾರೂ ದೊಡ್ಡ ಸಂಗತಿ ಅಂತ ಎಣಿಸುವುದಿಲ್ಲ. ಆದರೆ ಕಚೇರಿಗೆ ಹೋದರೆ ಮಲಯಾಳದ ಫಾರಂ ಮಾತ್ರ ಕೊಟ್ಟು ಕೂರಿಸುತ್ತಾರೆ ನೋಡಿ, ಆಗ ಸಿಟ್ಟು ಬರುತ್ತದೆ. ಹೊಳೆ ಸಮುದ್ರ ಸೇರುವ ಕಡೆ, ತಳಂಗರೆಯಲ್ಲಿ, ಮಾಲಿಕ್ ದೀನಾರ್ ಮಸೀದಿಯಿದೆ. ತೆಂಕು ದಡದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಭಾಷೆಗಿಂತ ಜಾಸ್ತಿ ಮಾತು ನೀರಿನದ್ದು. ಮಳೆಗಾಲದಲ್ಲಿ ತೋಟಕ್ಕೆ ನುಗ್ಗುವ ಹೊಳೆ ಮಾರ್ಚ್ ಬರುವಾಗ ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ಹೊಂಡ. ಅದಕ್ಕೇ ಮಳೆ ಬಿಟ್ಟ ಮೇಲೆ ಹೊಳೆಗೆ ಸೇರುವ ತೋಡುಗಳಿಗೆ ಅಕ್ಕಪಕ್ಕದ ತೋಟದವರೆಲ್ಲ ಸೇರಿ ಕಟ್ಟ ಹಾಕುತ್ತಾರೆ. ಕಲ್ಲು ಪೇರಿಸಿ, ಸಂದಿಗೆ ಮಣ್ಣು ತುಂಬಿ, ಕಾಲಲ್ಲಿ ತುಳಿದು ತುಳಿದು ಗಟ್ಟಿ ಮಾಡುವುದು. ಈಗೀಗ ಪ್ಲಾಸ್ಟಿಕ್ ಶೀಟೂ ಹಾಸುತ್ತಾರೆ. ಮುಂದಿನ ಮಳೆಗೆ ಕೊಚ್ಚಿಕೊಂಡು ಹೋಗುತ್ತದೆ, ಹೋಗಲೇಬೇಕು, ಇಲ್ಲದಿದ್ದರೆ ತೋಟವೇ ಮುಳುಗೀತು! ಕಟ್ಟದಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗಳಲ್ಲೂ ನೀರು ಏರುತ್ತದೆ. ಗುಡ್ಡದ ಕಡೆಯವರಿಗೆ ಸುರಂಗ ಇದೆ. ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡಕ್ಕೆ ಅಡ್ಡಡ್ಡ ಕೊರೆದ ದಾರಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲ. ನೀರು ಪಂಪಿಲ್ಲದೆ ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ.

ಕಾಸರಗೋಡು ಪೇಟೆಯವರ ಪಾಡು ಬೇರೆ. ಪೇಟೆಗೆ ಹೊಳೆಯಿಂದ ನೀರೆತ್ತುವ ಬಾವಿಕ್ಕರೆಯಲ್ಲಿ ಪಕ್ಕಾ ಅಣೆಕಟ್ಟು ಆಗುವ ಮೊದಲು ಬೇಸಗೆಗೆ ಮರಳಿನ ಚೀಲ ಅಡ್ಡ ಇಡುತ್ತಿದ್ದರು. ಅದು ಒಡೆದರೆ ಉಬ್ಬರದ ಉಪ್ಪುನೀರು ಪಂಪಿನವರೆಗೂ ಬರುತ್ತಿತ್ತು, ನಳ್ಳಿಯಲ್ಲೂ ಅದೇ. ಚಹಾ ಕುಡಿಯಲು ಆಗುತ್ತಿರಲಿಲ್ಲ.

ಬರುವುದಾದರೆ ಸುಳ್ಯದಿಂದ ಜಾಲ್ಸೂರು ದಾರಿಯಾಗಿ ಕಾಸರಗೋಡಿಗೆ ಬಸ್ಸು ಹಿಡಿಯಿರಿ. ಡಿಸೆಂಬರ್ ಹೊತ್ತಿಗೆ ಬಂದರೆ ಕಟ್ಟ ಹಾಕುವುದನ್ನೂ ನೋಡಬಹುದು. ಸುಮ್ನೆ ನಿಂತು ನೋಡಲು ಮಾತ್ರ ಬಿಡುವುದಿಲ್ಲ, ಮಣ್ಣಿನ ಬುಟ್ಟಿ ಕೈಗೆ ಕೊಡುತ್ತಾರೆ.