ಬಿ12 ಕೊರತೆಯಿಂದ ಪಾದದ ನರಕ್ಕೆ ಹಾನಿಯಾಗಿದೆ, ಇಂಜೆಕ್ಷನ್ ಶುರುವಾದ ಮೇಲೆ ಉರಿ ಹೆಚ್ಚಾಗಿದೆ. ಇದು ವಾಸಿಯಾಗುತ್ತದೆಯೇ?

ನೀವು ಬರೆದದ್ದು ಇಷ್ಟು: ಸಸ್ಯಾಹಾರಿ, ವಯಸ್ಸು 41, ಆರೇಳು ತಿಂಗಳಿಂದ ಎರಡೂ ಪಾದಗಳಲ್ಲಿ ಜೋಮು, ರಕ್ತದಲ್ಲಿ ಬಿ12 ಮಟ್ಟ 118, ಮೂರು ವಾರದಿಂದ ಇಂಜೆಕ್ಷನ್, ಈಗ ಜೋಮಿನ ಜೊತೆಗೆ ಉರಿ. ‘ಔಷಧಿ ಒಗ್ಗುತ್ತಿಲ್ಲವೇ, ನಿಲ್ಲಿಸಲೇ?’ ಎಂದು ಕೇಳಿದ್ದೀರಿ.

ನಿಲ್ಲಿಸಬೇಡಿ. ಮೊದಲ ಕೆಲವು ವಾರಗಳಲ್ಲಿ ಉರಿ, ಚುಚ್ಚು ಜಾಸ್ತಿಯಾಗುವುದು ಅನೇಕರಲ್ಲಿ ಕಾಣುವಂಥದ್ದೇ. ಆದರೆ ಕಾಲಿನ ಶಕ್ತಿ ಕುಂದುತ್ತಿದ್ದರೆ, ನಡಿಗೆ ದಿನೇದಿನೇ ಹದಗೆಡುತ್ತಿದ್ದರೆ, ಮೂತ್ರ ಹಿಡಿತಕ್ಕೆ ಬಾರದಿದ್ದರೆ ಅದು ಬೇರೆ ವಿಷಯ. ಅವತ್ತೇ ನರರೋಗ ತಜ್ಞರನ್ನು ನೋಡಬೇಕು. ಬಿ12 ಕೊರತೆ ಪಾದದ ನರಕ್ಕಷ್ಟೇ ಅಲ್ಲ, ಬೆನ್ನುಹುರಿಯ ಹಿಂಭಾಗಕ್ಕೂ ಪೆಟ್ಟು ಕೊಡುತ್ತದೆ. ಕಾಲು ಎಲ್ಲಿದೆ ಎಂಬ ಅರಿವು ಮೆದುಳಿಗೆ ಹೋಗುವುದು ಆ ದಾರಿಯಲ್ಲೇ. ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ವಾಲುವುದು, ಚಪ್ಪಲಿ ಜಾರಿ ಹೋದದ್ದೇ ತಿಳಿಯದಿರುವುದು ಅದರ ಗುರುತು.

ವಾಸಿಯಾಗುವ ಲೆಕ್ಕಕ್ಕೆ ಬರೋಣ. ರಕ್ತ ಬೇಗ ಸ್ಪಂದಿಸುತ್ತದೆ: ಒಂದು ವಾರದೊಳಗೆ ಹೊಸ ರಕ್ತಕಣ ಏರುತ್ತವೆ, ಸುಮಾರು ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ ಸರಿಹೋಗುತ್ತದೆ. ನರಕ್ಕೆ ಆ ಅವಸರವಿಲ್ಲ. ನರದ ಎಳೆಯ ಮೇಲಿನ ಹೊದಿಕೆ ಮಾತ್ರ ಸವೆದಿದ್ದರೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಗುಣ ಕಾಣಿಸುತ್ತದೆ. ಒಳಗಿನ ಎಳೆಯೇ ತುದಿಯಿಂದ ಸತ್ತಿದ್ದರೆ ಅದು ಮತ್ತೆ ಬೆಳೆಯಬೇಕು, ಬೆಳೆಯುವುದು ದಿನಕ್ಕೆ ಹೆಚ್ಚೆಂದರೆ ಸುಮಾರು 1 ಮಿಲಿಮೀಟರ್. ಪಾದದ 15 ಸೆಂಟಿಮೀಟರಿಗೇ ಐದು ತಿಂಗಳಾಯಿತು. ಆರು ತಿಂಗಳಿಂದ ಒಂದು ವರ್ಷದವರೆಗೆ ಸುಧಾರಣೆ ಮುಂದುವರಿಯಬಹುದು. ಎಷ್ಟು ಉಳಿದೀತು ಎನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಚಿಕಿತ್ಸೆಗೆ ಮುಂಚೆ ಎಷ್ಟು ಕಾಲ ಕಳೆದಿತ್ತು ಮತ್ತು ಹಾನಿ ಎಷ್ಟು ಆಳವಾಗಿತ್ತು ಎಂಬುದು. ಆರೇಳು ತಿಂಗಳು ಎಂದರೆ ಕೈ ಮೀರಿದ್ದೇನಲ್ಲ, ಆದರೂ ಬೆರಳ ತುದಿಯಲ್ಲಿ ಸ್ವಲ್ಪ ಜೋಮು ಉಳಿಯಬಹುದು.

ನಮ್ಮಲ್ಲಿ ಎಡವಟ್ಟಾಗುವುದು ಡೋಸಿನಲ್ಲಿ. ಐದಾರು ಇಂಜೆಕ್ಷನ್ ಮುಗಿಸಿ, ರಕ್ತ ಪರೀಕ್ಷೆ ಮಾಡಿಸಿ, ಮಟ್ಟ 1500 ಬಂದದ್ದೇ ‘ಸರಿಹೋಯಿತು’ ಎಂದು ನಿಲ್ಲಿಸಿಬಿಡುತ್ತಾರೆ. ಇಂಜೆಕ್ಷನ್ ಚುಚ್ಚಿದ ಮೇಲೆ ಆ ಅಂಕಿ ಏರಲೇಬೇಕು. ನರದ ಬಗ್ಗೆ ಅದು ಏನನ್ನೂ ಹೇಳದು. ನರಕ್ಕೆ ತೊಂದರೆಯಾಗಿದ್ದರೆ ಬ್ರಿಟನ್ನಿನ ಪದ್ಧತಿ ಹೀಗಿದೆ: ಹೈಡ್ರಾಕ್ಸೊಕೊಬಾಲಮಿನ್ (ಬಿ12ರ ಒಂದು ರೂಪ) ಇಂಜೆಕ್ಷನ್ 1 ಮಿಲಿಗ್ರಾಂ ದಿನ ಬಿಟ್ಟು ದಿನ, ಸುಧಾರಣೆ ಇನ್ನು ಮುಂದುವರಿಯುವುದಿಲ್ಲ ಎನ್ನುವವರೆಗೆ; ಆಮೇಲೆ ಎರಡು ತಿಂಗಳಿಗೊಮ್ಮೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇನ್ನೊಂದು ರೂಪವಾದ ಮಿಥೈಲ್‌ಕೊಬಾಲಮಿನ್ 500 ಅಥವಾ 1500 ಮೈಕ್ರೋಗ್ರಾಂ. ‘ಮಿಥೈಲ್ ಮಾತ್ರ ನರಕ್ಕೆ ಹೋಗುತ್ತದೆ’ ಎನ್ನುವುದು ಅಂಗಡಿ ಮಾತು. ಯಾವ ರೂಪದಲ್ಲಿ ಕೊಟ್ಟರೂ ಜೀವಕೋಶ ಅದನ್ನು ಬಿಚ್ಚಿ ತನಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುತ್ತದೆ. ನಿಮ್ಮ ವೈದ್ಯರನ್ನು ಕೇಳಬೇಕಾದ್ದು ಬ್ರ್ಯಾಂಡಲ್ಲ, ‘ಎಷ್ಟು ದಿನಕ್ಕೊಮ್ಮೆ, ಎಲ್ಲಿಯವರೆಗೆ’ ಎಂದು.

ಹಾಗಾದರೆ ಸುಧಾರಣೆ ಅಳೆಯುವುದು ಹೇಗೆ? ಮನೆಯಲ್ಲೇ ಎರಡು ಪರೀಕ್ಷೆ. ಕಣ್ಣು ಮುಚ್ಚಿ ಮಲಗಿ. ಮನೆಯವರು ನಿಮ್ಮ ಕಾಲಿನ ಹೆಬ್ಬೆರಳನ್ನು ಎರಡೂ ಪಕ್ಕದಿಂದ ಹಿಡಿದು (ಮೇಲೆ ಕೆಳಗೆ ಹಿಡಿದರೆ ಒತ್ತಡದಿಂದಲೇ ತಿಳಿದುಬಿಡುತ್ತದೆ) ಸ್ವಲ್ಪವೇ ಮೇಲಕ್ಕೋ ಕೆಳಕ್ಕೋ ಬಾಗಿಸಲಿ. ಹತ್ತು ಸಲದಲ್ಲಿ ಎಷ್ಟು ಸರಿ ಹೇಳಿದಿರಿ, ಬರೆದಿಡಿ. ಎರಡನೆಯದು, ಅಡುಗೆ ಕಟ್ಟೆಯ ಪಕ್ಕ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನಿಂತು, ಕೈ ಬಿಟ್ಟು ಎಷ್ಟು ಸೆಕೆಂಡ್ ನಿಲ್ಲಬಲ್ಲಿರಿ ನೋಡಿ. ಹದಿನೈದು ದಿನಕ್ಕೊಮ್ಮೆ ಸಾಕು, ದಿನಾ ನೋಡಿದರೆ ತಲೆ ಕೆಡುತ್ತದೆ. ಹಾಗೆ ನಿಲ್ಲುವುದನ್ನೇ ದಿನಕ್ಕೆರಡು ಬಾರಿ, ಹತ್ತು ಹತ್ತು ನಿಮಿಷ ಅಭ್ಯಾಸ ಮಾಡಿದರೆ ವ್ಯಾಯಾಮವೂ ಆಯಿತು. ಕಣ್ಣು ಮುಚ್ಚಿ ನಿಲ್ಲುವ ಹಂತಕ್ಕೆ ಹೋದಾಗ ಪಕ್ಕದಲ್ಲಿ ಯಾರಾದರೂ ಇರಲಿ.

ಉರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಅಥವಾ ಪ್ರಿಗಾಬಲಿನ್ ಕೊಡುವುದುಂಟು. ಇವು ನೋವು ತಗ್ಗಿಸುತ್ತವೆ, ನರ ಬೆಳೆಸುವುದಿಲ್ಲ. ಬಿಸಿನೀರಿನ ಚೀಲ ಮಾತ್ರ ಬೇಡ, ಸುಟ್ಟದ್ದು ಗೊತ್ತಾಗದು. ಮಧ್ಯಾಹ್ನದ ಬಿಸಿಲಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲ ಪ್ರದಕ್ಷಿಣೆಯೂ ಅಷ್ಟೇ ಅಪಾಯ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ.

ಮಾತ್ರೆಗಳಲ್ಲಿ ಎರಡು ಎಚ್ಚರ. ಬಿ12 ಇಲ್ಲದೆ ಫೋಲಿಕ್ ಆಸಿಡ್ ಒಂದನ್ನೇ ನುಂಗಿದರೆ ರಕ್ತಹೀನತೆ ಸರಿಯಾದಂತೆ ಕಂಡು, ಒಳಗೆ ನರದ ಹಾನಿ ಸಾಗುತ್ತಲೇ ಇರುತ್ತದೆ. ‘ನರಕ್ಕೆ ಒಳ್ಳೆಯದು’ ಎಂದು ವರ್ಷಗಟ್ಟಲೆ ಹೆಚ್ಚಿನ ಪ್ರಮಾಣದ ಬಿ6 ತಿಂದರೆ ಅದೇ ಜೋಮು ತರಿಸುತ್ತದೆ. ಎರಡು ಮೂರು ಬ್ರ್ಯಾಂಡ್ ಒಟ್ಟಿಗೆ ತಿನ್ನುವವರು ಪಟ್ಟಿಯ ಹಿಂದಿನ ಅಕ್ಷರ ಓದಿ, ಬಿ6 ಕೂಡಿಸಿ ನೋಡಿ.

ಕೊರತೆ ಯಾಕೆ ಬಂತು ಎಂಬುದು ಗೊತ್ತಾಗದೆ ಚಿಕಿತ್ಸೆ ಎಷ್ಟು ಕಾಲ ಎಂದು ಹೇಳಲಾಗದು. ಊಟದ್ದೇ ಕಾರಣವೇ? ವಯಸ್ಕರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ದಿನಕ್ಕೆ 2.2 ಮೈಕ್ರೋಗ್ರಾಂ. 100 ಮಿಲಿಲೀಟರ್ ಹಾಲಿನಲ್ಲಿರುವುದು ಸುಮಾರು 0.4. ಅಂದರೆ ಅರ್ಧ ಲೀಟರ್ ಹಾಲು ಮೊಸರು ಬೇಕು, ಎರಡು ಲೋಟ ಕಾಫಿಗೆ ಬೀಳುವ ಹಾಲು ಸಾಲದು. ಮೊಳಕೆ ಕಾಳು, ಸೊಪ್ಪು, ಇಡ್ಲಿ ಹಿಟ್ಟನ್ನು ನೆಚ್ಚಿಕೊಳ್ಳಬೇಡಿ; ಸ್ಪಿರುಲಿನಾದಲ್ಲಿರುವುದರ ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ನಕಲಿ ರೂಪ. ಇನ್ನು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ವರ್ಷಗಳಿಂದ ನಡೆಯುತ್ತಿದೆಯೇ ಎಂಬುದನ್ನು ವೈದ್ಯರಿಗೆ ಹೇಳಿ; ಇವೂ ಬಿ12 ಹೀರಿಕೆ ತಗ್ಗಿಸಬಹುದು (ನೀವಾಗಿಯೇ ಬಿಡಬೇಡಿ). ಹೊಟ್ಟೆಯಲ್ಲಿ ಬಿ12 ಹೀರಲು ಬೇಕಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ವಿರುದ್ಧ ದೇಹವೇ ಪ್ರತಿಕಾಯ ಮಾಡಿಕೊಂಡಿದ್ದರೆ ಚಿಕಿತ್ಸೆ ಜೀವನಪರ್ಯಂತ. ಅಂಥವರಿಗೂ 1000 ಮೈಕ್ರೋಗ್ರಾಂ ಮಾತ್ರೆಯ ಶೇ. 1ರಷ್ಟು ತಾನಾಗಿ ಒಳಸೇರುತ್ತದೆ. ಆದರೆ ನರ ಹಾನಿಯ ಮೊದಲ ತಿಂಗಳುಗಳಲ್ಲಿ ನಾನು ಇಂಜೆಕ್ಷನ್ನಿನ ಪಕ್ಷ.

ಮೂರು ನಾಲ್ಕು ತಿಂಗಳಾದರೂ ನಿಮ್ಮ ಪುಸ್ತಕದಲ್ಲಿನ ಅಂಕಿಗಳು ಅಲುಗದಿದ್ದರೆ ಡೋಸ್ ಏರಿಸುವ ಮುನ್ನ ರಕ್ತದಲ್ಲಿ ಮೀಥೈಲ್‌ಮಲೋನಿಕ್ ಆಸಿಡ್ (ಬಿ12 ಸಾಲದಾದಾಗ ಏರುವ ವಸ್ತು) ಇಳಿದಿದೆಯೇ ನೋಡಿಸಿ. ಇಳಿದಿದ್ದರೆ ಬಿ12 ತಲುಪಿದೆ ಎಂದರ್ಥ. ಆಗ ಸಕ್ಕರೆ, ಥೈರಾಯ್ಡ್, ಮದ್ಯ, ತಾಮ್ರದ ಕೊರತೆ, ಬೆನ್ನುಮೂಳೆಯ ಒತ್ತಡ, ಇವುಗಳ ಕಡೆ ತಿರುಗಬೇಕು.