ಫೋಲ್ಡರ್‌ನಲ್ಲಿರುವ ಫೈಲ್‌ಗಳ ಹೆಸರನ್ನೆಲ್ಲ ಡೇಟಾಬೇಸ್‌ಗೆ ಹಾಕೋದು ಹೇಗೆ?

ನಿಮಗೆ ಬೇಕಿರುವುದು ಬರೀ ಹೆಸರುಗಳು, ಅದೂ ಲಿನಕ್ಸ್ ಟರ್ಮಿನಲ್‌ನಿಂದ ನೇರವಾಗಿ ಎಸ್‌ಕ್ಯೂಲೈಟ್‌ಗೆ (ಒಂದೇ ಫೈಲಿನಲ್ಲಿ ಕೂರುವ ಪುಟ್ಟ ಡೇಟಾಬೇಸ್), ಅಲ್ವಾ? ಹಾಗಾದರೆ ಪೈಥಾನ್ ಗೀಥಾನ್ ಏನೂ ಬೇಡ.

ಮೊದಲು ನನ್ನ ಎಡವಟ್ಟು ಕೇಳಿ. ಅಪ್ಪನ ತಾಳಮದ್ದಳೆ ಕ್ಯಾಸೆಟ್‌ಗಳನ್ನೆಲ್ಲ ಎಂಪಿ3 ಮಾಡಿಟ್ಟಿದ್ದೆ, ಒಟ್ಟು 412 ಫೈಲು, ಹೆಸರೆಲ್ಲ ಕನ್ನಡದಲ್ಲೇ. ಅದೇ ಫೋಲ್ಡರ್‌ನಲ್ಲಿ ಕೂತು ಎಲ್‌ಎಸ್ (ಫೈಲ್‌ಗಳ ಹೆಸರು ತೋರಿಸುವ ಕಮಾಂಡ್) ಕೊಟ್ಟು, ಬಂದದ್ದನ್ನು ‘ಪಟ್ಟಿ’ ಅನ್ನೋ ಫೈಲಿಗೆ ಹಾಕಿ, ಫೈಲನ್ನು ಟೇಬಲ್‌ಗೆ ತುಂಬುವ ಎಸ್‌ಕ್ಯೂಲೈಟ್‌ನ ಡಾಟ್ ಇಂಪೋರ್ಟ್ ಕಮಾಂಡ್‌ನಿಂದ ಒಳಗೆ ತಂದೆ. ಎಣಿಸಿದರೆ ಟೇಬಲ್‌ನಲ್ಲೂ 412 ಸಾಲು. ಲೆಕ್ಕ ಸರಿಯಿದೆ ಅಂತ ಆರಾಮಾಗಿ ಮಲಗಿದೆ. ಎರಡು ವಾರ ಬಿಟ್ಟು ‘ಅತಿಕಾಯ ಮೋಕ್ಷ’ ಹುಡುಕಿದರೆ ಇಲ್ಲವೇ ಇಲ್ಲ! ಆಗಿದ್ದೇನೆಂದರೆ, ಟೇಬಲ್ ಮೊದಲೇ ಇಲ್ಲದಿದ್ದರೆ ಇಂಪೋರ್ಟ್ ಮೊದಲ ಸಾಲನ್ನು ಕಾಲಂ ಹೆಸರು ಅಂದುಕೊಳ್ಳುತ್ತದೆ, ಹಾಗಾಗಿ ಅತಿಕಾಯ ತಲೆಬರಹವಾಗಿ ಮೇಲೆ ಕೂತಿದ್ದ. ಇನ್ನೊಂದು ಕಡೆ, ಎಲ್‌ಎಸ್ ಓಡುವ ಮೊದಲೇ ಶೆಲ್ (ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಆ ‘ಪಟ್ಟಿ’ ಫೈಲನ್ನು ಹುಟ್ಟಿಸಿರುತ್ತದೆ, ಅದೂ ಪಟ್ಟಿಯೊಳಗೆ ಸೇರಿತ್ತು. ಒಂದು ಹೋಯಿತು, ಒಂದು ಬಂತು, ಲೆಕ್ಕ ಮಾತ್ರ ಸರಿ.

ಆ ದಾರಿಯೇ ಬೇಕಿದ್ದರೆ ಟೇಬಲ್ ಮೊದಲೇ ಮಾಡಿಕೊಳ್ಳಿ, ಪಟ್ಟಿಯನ್ನು ಬೇರೆ ಫೋಲ್ಡರ್‌ನಲ್ಲಿಡಿ. ಆದರೆ ನಾನೀಗ ಪಟ್ಟಿಯನ್ನೇ ಮಾಡುವುದಿಲ್ಲ. ಎಸ್‌ಕ್ಯೂಲೈಟ್‌ನ ಕಮಾಂಡ್ ಲೈನ್ ಟೂಲ್‌ನಲ್ಲಿ ಎಫ್‌ಎಸ್‌ಡಿಐಆರ್ ಅಂತ ಒಂದು ಫಂಕ್ಷನ್ ಇದೆ (ತೀರಾ ಹಳೇ ಆವೃತ್ತಿಯಲ್ಲಿ ಇರಲ್ಲ). ಅದಕ್ಕೆ ಫೋಲ್ಡರ್ ಹೆಸರು ಕೊಟ್ಟರೆ ಸಾಕು, ಫೋಲ್ಡರನ್ನೇ ಟೇಬಲ್ ಥರ ತೋರಿಸುತ್ತದೆ. ‘ಕ್ರಿಯೇಟ್ ಟೇಬಲ್ ಆಸ್ ಸೆಲೆಕ್ಟ್’ ಬರೆದು ಅದರಿಂದ ನೇಮ್ ಕಾಲಂ ತೆಗೆದುಕೊಂಡರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತು. ಒಳಗಿನ ಫೋಲ್ಡರ್‌ಗಳಿಗೂ ಇಳಿಯುತ್ತದೆ, ಫೋಲ್ಡರ್‌ಗಳ ಹೆಸರನ್ನೂ ಕೊಡುತ್ತದೆ. ಅವು ಬೇಡವಾದರೆ ಎಲ್‌ಎಸ್‌ಮೋಡ್ ಫಂಕ್ಷನ್‌ಗೆ ಮೋಡ್ ಕಾಲಂ (ಫೈಲೋ ಫೋಲ್ಡರೋ ಅನ್ನೋದು ಇದರಲ್ಲಿರುತ್ತದೆ) ಕೊಟ್ಟು, ಅಡ್ಡಗೆರೆಯಿಂದ ಶುರುವಾಗುವ ಸಾಲುಗಳನ್ನಷ್ಟೇ ಆರಿಸಿ. ಸುಮ್ನೆ ಸೆಲೆಕ್ಟ್ ಸ್ಟಾರ್ (ಎಲ್ಲ ಕಾಲಂ ಕೊಡು) ಅಂತ ಮಾತ್ರ ಹೊಡೆಯಬೇಡಿ, ಡೇಟಾ ಕಾಲಂ ಅಂದರೆ ಇಡೀ ಫೈಲೇ ಒಳಗೆ ಬರುತ್ತದೆ.

ನಿಮ್ಮ ಹೆಸರುಗಳೂ ಕನ್ನಡದಲ್ಲಿದ್ದು, ಹಳೇ ಮ್ಯಾಕ್ ಡಿಸ್ಕಿನಿಂದ ಬಂದಿದ್ದರೆ ಇನ್ನೊಂದು ತಲೆನೋವಿದೆ. ಅಲ್ಲಿ ‘ಮೋ’ದ ಓತ್ವ ಒಂದೇ ಚಿಹ್ನೆಯಾಗಿರದೆ ಮೂರು ತುಂಡಾಗಿರುತ್ತದೆ. ಕಣ್ಣಿಗೆ ಒಂದೇ, ಹುಡುಕಿದರೆ ಸಿಗಲ್ಲ. ಡೇಟಾಬೇಸ್‌ಗೆ ಹಾಕುವ ಮೊದಲು ಫೈಲ್ ಹೆಸರು ಬದಲಿಸುವ ಕಾನ್ವ್‌ಎಂವಿ ಟೂಲ್‌ನಲ್ಲಿ, ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ಎನ್‌ಎಫ್‌ಸಿ ಆಪ್ಷನ್ ಕೊಟ್ಟು ಸರಿಮಾಡಿಕೊಳ್ಳಿ. ನೋಟೆಸ್ಟ್ ಅಂತ ಸೇರಿಸುವವರೆಗೆ ಅದು ಏನನ್ನೂ ಬದಲಿಸುವುದಿಲ್ಲ, ಏನು ಮಾಡುತ್ತೇನೆ ಅಂತ ತೋರಿಸುತ್ತದೆ ಅಷ್ಟೇ.