ವಿಮಾನ ಸಂಸ್ಥೆ ಸಂಬಳ ಉಳಿಸಿಕೊಂಡರೆ ಒಟ್ಟಾಗಿ ಕೇಳುವುದು ಹೇಗೆ?

ಪ್ರಶ್ನೆ: ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಖಾಸಗಿ ವಿಮಾನ ಸಂಸ್ಥೆಯೊಂದರ ಗ್ರೌಂಡ್ ಸ್ಟಾಫ್ ನಾನು. ನಾಲ್ಕು ತಿಂಗಳಿಂದ ಸಂಬಳವಿಲ್ಲ. ನನ್ನಂಥವರು 40 ಮಂದಿ ಇದ್ದೇವೆ. ಅಮೆರಿಕದಲ್ಲಿ ಮಾಡುವಂತೆ ಎಲ್ಲರೂ ಸೇರಿ ಕ್ಲಾಸ್ ಆ್ಯಕ್ಷನ್ ಕೇಸು ಹಾಕಬಹುದೇ?

ಉತ್ತರ: ಆ ಹೆಸರಿನ ಕೇಸು ನಿಮಗೆ ಸಿಗುವುದಿಲ್ಲ. ನಮ್ಮ ಕಂಪನಿ ಕಾಯ್ದೆಯ 245ನೇ ಸೆಕ್ಷನ್ನಿನ ಕ್ಲಾಸ್ ಆ್ಯಕ್ಷನ್ ಷೇರುದಾರರಿಗೆ, ಠೇವಣಿದಾರರಿಗೆ ಮಾತ್ರ. ಆದರೆ ಒಟ್ಟಾಗಿ ಕೇಳುವ ದಾರಿಗಳಿವೆ. ಸಂಸ್ಥೆ ಈಗಾಗಲೇ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ (ಎನ್‌ಸಿಎಲ್‌ಟಿ) ದಿವಾಳಿ ಪ್ರಕ್ರಿಯೆಗೆ ಹೋಗಿದೆಯೇ ಎಂಬುದನ್ನು ಮೊದಲು ನೋಡಿ.

ಹೋಗಿಲ್ಲವಾದರೆ ಕೇಂದ್ರದ ಪ್ರಾದೇಶಿಕ ಕಾರ್ಮಿಕ ಆಯುಕ್ತರಿಗೆ ದೂರು ಕೊಡಿ. ವಿಮಾನ ಸಾರಿಗೆ ಕೇಂದ್ರದ ವ್ಯಾಪ್ತಿಯದು. ರಾಜ್ಯದ ಕಾರ್ಮಿಕ ಇಲಾಖೆಗೆ ಅಲೆದು ದಿನ ಕಳೆದುಕೊಳ್ಳಬೇಡಿ.

ಅಲ್ಲಿ ರಾಜಿಯಾಗದಿದ್ದರೆ, ನಿಮ್ಮಲ್ಲೊಬ್ಬರಿಗೆ ಎಲ್ಲರೂ ಅಧಿಕಾರಪತ್ರ ಕೊಟ್ಟು, ಸಂಸ್ಥೆಯ ಮೇಲೆ ದಿವಾಳಿ ಪ್ರಕ್ರಿಯೆ ಶುರು ಮಾಡುವಂತೆ ಎನ್‌ಸಿಎಲ್‌ಟಿಗೆ ಜಂಟಿ ಅರ್ಜಿ ಹಾಕಬಹುದು. ಕಾರ್ಮಿಕ ಸಂಘವೂ ಸದಸ್ಯರ ಪರವಾಗಿ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಮೊದಲು ಸಂಸ್ಥೆಗೆ ಬಾಕಿ ಕೇಳುವ ಡಿಮ್ಯಾಂಡ್ ನೋಟಿಸು, ಉತ್ತರಕ್ಕೆ 10 ದಿನ. ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇರಬೇಕು; 40 ಮಂದಿಗೆ ತಲಾ ಎರಡೂವರೆ ಲಕ್ಷ. ಅಷ್ಟಾಗದಿದ್ದರೆ ಕ್ಯಾಬಿನ್ ಸಿಬ್ಬಂದಿ, ಎಂಜಿನಿಯರುಗಳನ್ನೂ ಸೇರಿಸಿಕೊಳ್ಳಿ. ನೋಟಿಸಿಗೂ ಮೊದಲೇ ಬಾಕಿಯ ಬಗ್ಗೆ ನಿಜವಾದ ತಕರಾರು ಇತ್ತೆಂದು ಸಂಸ್ಥೆ ತೋರಿಸಿದರೆ ಅರ್ಜಿ ಬಿದ್ದುಹೋಗುತ್ತದೆ.

ಇದನ್ನು ಕೊನೆಯ ಅಸ್ತ್ರವಾಗಿಯೇ ಇಟ್ಟುಕೊಳ್ಳಿ. ವಿಮಾನಗಳು ಹೆಚ್ಚಾಗಿ ಬಾಡಿಗೆಯವು. 2023ರ ಅಕ್ಟೋಬರ್ 3ರ ಅಧಿಸೂಚನೆಯ ನಂತರ ದಿವಾಳಿ ಪ್ರಕ್ರಿಯೆಯಲ್ಲಿ ಸಂಸ್ಥೆಯ ಬಳಿಯಿರುವ ಆಸ್ತಿಯನ್ನು ಯಾರೂ ಕೊಂಡೊಯ್ಯದಂತೆ ಬರುವ ತಡೆಯಾಜ್ಞೆ ವಿಮಾನಗಳಿಗೆ, ಎಂಜಿನುಗಳಿಗೆ ಅನ್ವಯಿಸುವುದಿಲ್ಲ. ಮಾಲೀಕರು ಅವನ್ನು ಕೊಂಡೊಯ್ದ ಮೇಲೆ ಮಾರಿ ಹಂಚಲು ಹೆಚ್ಚೇನೂ ಉಳಿಯದಿರಬಹುದು.

ದಿವಾಳಿ ಪ್ರಕ್ರಿಯೆ ಶುರುವಾಗಿದ್ದರೆ ಕೋರ್ಟಿಗೆ ಓಡಬೇಡಿ. ಹೊಸ ಕೇಸು ನಡೆಯುವುದಿಲ್ಲ, ಹಳೆಯದೂ ನಿಲ್ಲುತ್ತದೆ. ಪತ್ರಿಕೆಯಲ್ಲಿ ಬರುವ ಸಾರ್ವಜನಿಕ ಪ್ರಕಟಣೆಯಲ್ಲಿ ಬಾಕಿಯ ಕ್ಲೇಮು ಸಲ್ಲಿಸಲು ಕೊನೆಯ ದಿನ ಇರುತ್ತದೆ, ಸಾಮಾನ್ಯವಾಗಿ ದಿವಾಳಿ ಪ್ರಕ್ರಿಯೆ ನಡೆಸುವ ರೆಸಲ್ಯೂಷನ್ ಪ್ರೊಫೆಷನಲ್ ನೇಮಕವಾಗಿ 14 ದಿನ. ಒಬ್ಬೊಬ್ಬರೇ ಆದರೆ ಫಾರ್ಮ್ ಡಿ, ಎಲ್ಲರ ಪರವಾಗಿ ಪ್ರತಿನಿಧಿ ಸಲ್ಲಿಸುವುದಾದರೆ ಫಾರ್ಮ್ ಇ. ಜೊತೆಗೆ ಪ್ರತಿಯೊಬ್ಬರ ಹೆಸರು, ಉದ್ಯೋಗಿ ಸಂಖ್ಯೆ, ತಿಂಗಳುವಾರು ಬಾಕಿಯ ಪಟ್ಟಿ.

ಎಡವುವುದು ಈ ಪಟ್ಟಿಯಲ್ಲೇ. ಸಿಟಿಸಿಯನ್ನು (ಕಂಪನಿ ನಿಮಗಾಗಿ ಮಾಡುವ ವರ್ಷದ ಒಟ್ಟು ವೆಚ್ಚ) ಹನ್ನೆರಡರಿಂದ ಭಾಗಿಸಿ ಬರೆಯಬೇಡಿ. ಅದರಲ್ಲಿ ಕಂಪನಿಯ ಪಿಎಫ್ ಪಾಲು, ಗ್ರ್ಯಾಚುಟಿ ಎಲ್ಲ ಸೇರಿರುತ್ತವೆ, ಲೆಕ್ಕ ತಾಳೆಯಾಗುವುದಿಲ್ಲ. ಕೊನೆಯ ಪೇಸ್ಲಿಪ್‌ನ ಒಟ್ಟು ಸಂಬಳ ಹಾಕಿ, ಪಿಎಫ್, ಗ್ರ್ಯಾಚುಟಿ, ಉಳಿದ ರಜೆಯ ಹಣಕ್ಕೆ ಬೇರೆ ಬೇರೆ ಸಾಲು ಕೊಡಿ. ಸಂಬಳ ಜಮಾ ಆಗುತ್ತಿದ್ದ ಖಾತೆಯ ಒಂದು ವರ್ಷದ ಸ್ಟೇಟ್‌ಮೆಂಟ್ ಲಗತ್ತಿಸಿ. ಜಮಾ ನಿಂತ ತಿಂಗಳು ಅದರಲ್ಲೇ ಕಾಣುತ್ತದೆ. ಸಂಬಳ ಕೊಡದಿದ್ದರೂ ಟಿಡಿಎಸ್ ತೋರಿಸಿದ್ದರೆ ತೆರಿಗೆ ಇಲಾಖೆಯ ಟಿಡಿಎಸ್ ವಿವರವಿರುವ ಫಾರ್ಮ್ 26ಎಎಸ್ ಒಳ್ಳೆಯ ಸಾಕ್ಷಿ. ನಿಮ್ಮ ಪೇಸ್ಲಿಪ್, ನೇಮಕಾತಿ ಪತ್ರ, ಡ್ಯೂಟಿ ರೋಸ್ಟರುಗಳನ್ನು ಇವತ್ತೇ ಇಳಿಸಿಕೊಳ್ಳಿ. ಹಾರಾಟ ನಿಂತರೆ ಕಂಪನಿಯ ಇಮೇಲೂ ಯಾವಾಗ ಬೇಕಾದರೂ ನಿಲ್ಲಬಹುದು.

ಸಂಸ್ಥೆಯನ್ನು ಮುಚ್ಚಿ ಆಸ್ತಿ ಮಾರಿದರೆ, ಕಾನೂನಿನ ಪ್ರಕಾರ ಕಾರ್ಮಿಕರೆನಿಸುವವರ 24 ತಿಂಗಳ ಬಾಕಿ ಅಡಮಾನದ ಮೇಲೆ ಸಾಲ ಕೊಟ್ಟವರ ಸಾಲಿನಲ್ಲೇ ನಿಲ್ಲುತ್ತದೆ. ಉಳಿದ ನೌಕರರಿಗೆ 12 ತಿಂಗಳು, ಅದೂ ಒಂದು ಮೆಟ್ಟಿಲು ಕೆಳಗೆ. ಇದನ್ನು ತೀರ್ಮಾನಿಸುವುದು ಹುದ್ದೆಯ ಹೆಸರಲ್ಲ, ಮಾಡುವ ಕೆಲಸ. ಹಾಗಾಗಿ ‘ಎಕ್ಸಿಕ್ಯುಟಿವ್’ ಎಂಬ ಬ್ಯಾಡ್ಜ್ ನೋಡಿ ಹಕ್ಕು ಬಿಟ್ಟುಕೊಡಬೇಡಿ.

ಪಿಎಫ್, ಗ್ರ್ಯಾಚುಟಿಯ ಹಣವನ್ನು ಮಾತ್ರ ಪಟ್ಟು ಹಿಡಿದು ಕೇಳಿ. 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದ ಜೆಟ್ ಏರ್‌ವೇಸ್ ಪ್ರಕರಣದಲ್ಲಿ ಇವನ್ನು ಪೂರ್ತಿ ಕೊಡಬೇಕೆಂದು ಎನ್‌ಸಿಎಲ್‌ಟಿಯ ಮೇಲಿನ ಮೇಲ್ಮನವಿ ನ್ಯಾಯಮಂಡಳಿ 2022ರಲ್ಲಿ ಆದೇಶಿಸಿತು. ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಅದನ್ನು ಬದಲಿಸಲು ಒಪ್ಪಲಿಲ್ಲ. ನಿಮ್ಮ ಪಿಎಫ್ ಪಾಸ್‌ಬುಕ್ ತೆರೆದು, ಜಮಾ ಆಗದ ತಿಂಗಳುಗಳನ್ನು ಗುರುತು ಹಾಕಿಕೊಂಡು, ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒಗೆ ಪ್ರತ್ಯೇಕ ದೂರು ಕೊಡಿ.